ನಿಂತ ಕಾರಿಗೂ ಆಯಿಲ್ ಬೇಕು

2014ರಲ್ಲಿ ಉತ್ಪಾದನೆ ನಿಂತ ಅಂಬಾಸಿಡರ್ ಕಾರನ್ನು ಮಾರಲು ಮನಸ್ಸಾಗದೆ ಶೆಡ್ಡಿನಲ್ಲಿ ಉಳಿಸಿಕೊಂಡವರು ಇದ್ದಾರೆ. ಕೊಟ್ಟೂರೇಶ್ವರನ ತೇರಿಗೋ ಮೈಲಾರದ ಕಾರಣಿಕಕ್ಕೋ ಹೊರಬಂದರೆ ಮತ್ತೆ ಮುಂದಿನ ವರ್ಷವೇ. ಓಡಿದ್ದೇ ಇಲ್ಲ, ಆಯಿಲ್ ಯಾಕೆ ಬದಲಿಸಬೇಕು?

ಓಡದಿರುವುದೇ ಕಾರಣ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಅದರ ಒಂದು ಪಾಲು, ಅರೆಬೆಂದ ಪೆಟ್ರೋಲಿನ ಜೊತೆ, ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ದೂರ ಓಡಿ ಎಂಜಿನ್ ಚೆನ್ನಾಗಿ ಕಾದರೆ ಈ ತೇವ ಆವಿಯಾಗಿ ಹೋದೀತು. ಇಲ್ಲವಾದರೆ ಆಮ್ಲವಾಗಿ ಬೇರಿಂಗ್ ತಿನ್ನುತ್ತದೆ. ಹಗರಿಬೊಮ್ಮನಹಳ್ಳಿಯ ಒಣ ಬಿಸಿಲೂ ಇದಕ್ಕೆ ಮದ್ದಲ್ಲ. ನೀರು ಬಂದದ್ದು ಹೊರಗಿನಿಂದಲ್ಲ, ಒಳಗಿನಿಂದ.

ಹಾಗಾಗಿ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ರೂಢಿಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅದರ ಬದಲು ತಿಂಗಳಿಗೊಮ್ಮೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗಿಬಂದರೆ ಸಾಕು.

ಲೆಕ್ಕ ಸರಳ: ಕಿಲೋಮೀಟರ್ ಎಷ್ಟೇ ಕಡಿಮೆಯಿರಲಿ, ವರ್ಷಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಾಗಲಿ. ಅದೂ ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ. ಕೊಳೆ ಆಯಿಲ್‌ನಲ್ಲೇ ಎಂಜಿನ್ ನೆನೆಯುವುದು ತಪ್ಪುತ್ತದೆ. ಹಳೆಯ 1,489 ಸಿಸಿ ಪೆಟ್ರೋಲ್ ಎಂಜಿನ್‌ಗೆ ನಮ್ಮ ಸೆಕೆಯಲ್ಲಿ 20ಡಬ್ಲ್ಯೂ-50 ಮಿನರಲ್ ಆಯಿಲ್ ಒಗ್ಗುತ್ತದೆ. ದುಬಾರಿ ಸಿಂಥೆಟಿಕ್ ಬೇಕಿಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಬದಿಗೆ ಹಾಲು ಬೆರೆತ ಚಹಾದಂಥ ನೊರೆ ಅಂಟಿದ್ದರೆ ವರ್ಷ ತುಂಬಲು ಕಾಯಬೇಡಿ. ದೂರ ಓಡಿಸಿದ ಮೇಲೂ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಬೇಕು.