ಒಂಟಿ ಅಂಗಡಿಯ ಒಡನಾಡಿಗಳು

2020ರ ಜೂನ್‌ನಲ್ಲಿ ಸ್ಪೇನಿನ ವೇಲೆನ್ಸಿಯಾದಲ್ಲಿದ್ದ ಕನ್ಯೆ ಮೇರಿಯ ಚಿತ್ರವೊಂದು ಊರೂರಿನ ಪತ್ರಿಕೆಗಳಲ್ಲಿ ನಗೆಪಾಟಲಾಯಿತು. ಹದಿನೇಳನೇ ಶತಮಾನದ ಹೆಸರಾಂತ ಕಲಾವಿದ ಮುರಿಲ್ಯೊನ ಕೃತಿಯನ್ನು ನೋಡಿ ಬರೆದ ಪ್ರತಿ ಅದು. ಕೊಳೆ ತೆಗೆಸೋಣವೆಂದು ಮಾಲೀಕರು ಅದನ್ನು ಮೇಜು ಕುರ್ಚಿ ರಿಪೇರಿ ಮಾಡುವವರ ಕೈಗೆ ಕೊಟ್ಟರು. ಅದಕ್ಕೆ 1,200 ಯೂರೊ ತೆತ್ತರೆಂದು ವರದಿಯಾಯಿತು. ಮೇರಿಯ ಮುಖ ಕೆಟ್ಟಿತು. ಸರಿಮಾಡಲು ಹೋದಾಗ ಇನ್ನಷ್ಟು ಕೆಟ್ಟು ಗುರುತೇ ಸಿಗದಂತಾಯಿತು. ಲೋಕವೆಲ್ಲ ನಕ್ಕು ಮರೆಯಿತು. ಅಲ್ಲಿನ ಕಲಾ ಸಂರಕ್ಷಕರ ಸಂಘ ಮಾತ್ರ ನಗಲಿಲ್ಲ. ಈ ಕೆಲಸಕ್ಕೆ ಯಾರು ಬೇಕಾದರೂ ಕೈಹಾಕಬಹುದಾದ ಸ್ಥಿತಿ ಇದೆ, ಕಾನೂನು ತನ್ನಿ ಎಂದು ಮತ್ತೊಮ್ಮೆ ದನಿ ಎತ್ತಿತು.

ಅಮೆರಿಕದಲ್ಲೂ ನಮ್ಮಲ್ಲೂ ಪರಿಸ್ಥಿತಿ ಬೇರೆಯಿಲ್ಲ. ಹಲ್ಲು ಕೀಳಲು ಪರವಾನಗಿ ಬೇಕು, ಆಟೊ ಓಡಿಸಲು ಬೇಕು. ನೂರು ವರ್ಷದ ತೈಲಚಿತ್ರದ ವಾರ್ನಿಷ್ ಕರಗಿಸಲು ಏನೂ ಬೇಡ. ಬೋರ್ಡು ಹಾಕಿಕೊಂಡವರೆಲ್ಲ ಸಂರಕ್ಷಕರೇ. ಗಿರಾಕಿಗೆ ಒಳ್ಳೆಯ ಕೆಲಸ ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯುವುದೂ ಕಷ್ಟ. ಕೆಟ್ಟ ಕೆಲಸ ಮೊದಲ ದಿನ ಫಳಫಳ ಹೊಳೆಯುತ್ತದೆ, ಒಳ್ಳೆಯ ಕೆಲಸ ಕಣ್ಣಿಗೇ ಬೀಳುವುದಿಲ್ಲ. ತಪ್ಪು ಬಯಲಾಗುವುದು ಇಪ್ಪತ್ತು ಮೂವತ್ತು ವರ್ಷಗಳ ನಂತರ, ಅಂಟು ಹಳದಿಯಾಗಿ ಬಣ್ಣ ಚಕ್ಕೆ ಎದ್ದಾಗ. ಹಾಗಾಗಿ ಸಂರಕ್ಷಕನ ಕೆಲಸವನ್ನು ನೋಡಿ ಇದು ಸರಿ, ಇದು ತಪ್ಪು ಎನ್ನಬಲ್ಲವರು ಅದೇ ಕಸುಬಿನ ಇನ್ನೊಬ್ಬರು ಮಾತ್ರ. ವ್ಯಾಪಾರದ ಲೆಕ್ಕದಲ್ಲಿ ಅವರೇ ಪೈಪೋಟಿದಾರರು ಕೂಡ. ಈ ಕಸುಬಿನ ವಿಚಿತ್ರವೂ ಸೊಗಸೂ ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ವಸ್ತುಸಂಗ್ರಹಾಲಯದ ಸಂರಕ್ಷಕರಿಗೆ ಪಕ್ಕದ ಮೇಜಿನಲ್ಲಿ ಸಹೋದ್ಯೋಗಿ ಇರುತ್ತಾರೆ, ಪ್ರಯೋಗಾಲಯವಿರುತ್ತದೆ, ತಿಂಗಳ ಸಂಬಳ ಬರುತ್ತದೆ. ಖಾಸಗಿಯಾಗಿ ದುಡಿಯುವವರಿಗೆ ಇರುವುದು ಒಂದು ಕೋಣೆ: ಅಗಲವಾದ ಮೇಜು, ಸೂಕ್ಷ್ಮದರ್ಶಕ, ನೇರಳಾತೀತ ದೀಪ, ದ್ರಾವಕಗಳ ಘಾಟನ್ನು ಹೊರಗೆಳೆಯುವ ಫ್ಯಾನು. ಬಂದ ಚಿತ್ರಕ್ಕೆ ಮೊದಲು ಫೋಟೊ ಆಗಬೇಕು, ಎದುರಿನಿಂದ, ಬೆನ್ನಿನಿಂದ, ಓರೆಬೆಳಕು ಬಿಟ್ಟು. ಓರೆಬೆಳಕಿನಲ್ಲಿ ಎದ್ದುನಿಂತ ಬಣ್ಣದ ಚಕ್ಕೆಗಳು ಕಾಣುತ್ತವೆ. ನೇರಳಾತೀತ ಬೆಳಕಿನಲ್ಲಿ ಹಳೆಯ ವಾರ್ನಿಷ್ ಹಸಿರಾಗಿ ಮಿನುಗುತ್ತದೆ, ಅದರ ಮೇಲೆ ಯಾರೋ ಈಚೆಗೆ ಬಳಿದ ಬಣ್ಣ ಕಪ್ಪು ತೇಪೆಯಾಗಿ ಸಿಕ್ಕಿಬೀಳುತ್ತದೆ.

ಆಮೇಲೆ ಪರೀಕ್ಷೆ. ತೆಳ್ಳನೆಯ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ತೇವ ಮಾಡಿ, ಚಿತ್ರದ ಅಂಚಿನಲ್ಲಿ ಕಡಲೆಕಾಳಿನಷ್ಟು ಜಾಗದಲ್ಲಿ ಮೆಲ್ಲಗೆ ಉರುಳಿಸುತ್ತಾರೆ. ಉಜ್ಜುವ ಮಾತೇ ಇಲ್ಲ. ಹತ್ತಿಗೆ ಕಂದು ಅಂಟಿದರೆ ಅದು ಕೊಳೆ ಅಥವಾ ಹೊಗೆ. ಕೆಂಪೋ ನೀಲಿಯೋ ಅಂಟಿದರೆ ಕೈ ತಕ್ಷಣ ನಿಲ್ಲಬೇಕು. ಮೊದಲ ಸುತ್ತಿನಲ್ಲಿ ಹಲವರು ಬಳಸುವ ದ್ರವ ಕೇಳಿದರೆ ನಗು ಬರಬಹುದು: ತಮ್ಮದೇ ಎಂಜಲು. ಅದರಲ್ಲಿರುವ ಕಿಣ್ವಗಳು ಜಿಡ್ಡನ್ನು ಮೆತ್ತಗೆ ಬಿಡಿಸುತ್ತವೆ. ಇದನ್ನು ಅಳೆದು ತೋರಿಸಿದ ಪೋರ್ಚುಗಲ್ಲಿನ ಸಂಶೋಧಕರಿಗೆ 2018ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ಹರಿದಲ್ಲಿ ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು. ಗಟ್ಟಿ ಮಾಡಬೇಕಾದಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ರಾಳ. ಇವನ್ನೇ ಆರಿಸುವುದಕ್ಕೆ ಮುಖ್ಯ ಕಾರಣ, ಮುಂದೊಬ್ಬರು ಬೇಡವೆಂದರೆ ಇವನ್ನು ತೆಗೆಯಬಹುದು. ಮರಗೆಲಸದ ಬಿಳಿ ಅಂಟು ಒಮ್ಮೆ ಕೂತರೆ ಏಳುವುದಿಲ್ಲ.

ಇಷ್ಟನ್ನು ಕಾಲೇಜು ಕಲಿಸುತ್ತದೆ. ಕೊಟೇಶನ್ ಬರೆಯುವುದನ್ನು ಕಲಿಸುವುದಿಲ್ಲ. ಹತ್ತು ಗಂಟೆಯ ಕೆಲಸಕ್ಕೆ ಹತ್ತು ಗಂಟೆಯ ಕೂಲಿ ಹಾಕಿದ ಹೊಸಬರು ಬೇಗ ಬಾಗಿಲು ಮುಚ್ಚುತ್ತಾರೆ. ಫೋನಿನಲ್ಲಿ ಮಾತಾಡಿದ್ದು, ಫೋಟೊ ತೆಗೆದದ್ದು, ವರದಿ ಬರೆದದ್ದು, ಬಿಲ್ಲಿನ ಬಾಕಿಗೆ ಅಲೆದದ್ದು, ಇವೆಲ್ಲ ಮೇಜಿನ ಮುಂದೆ ಕೂರದ ಗಂಟೆಗಳು. ಅವನ್ನೂ ದರದೊಳಗೆ ಸೇರಿಸಬೇಕು. ಗಿರಾಕಿಯ ಚಿತ್ರ ನಮ್ಮ ಕೋಣೆಯಲ್ಲಿದ್ದಾಗ ಬೆಂಕಿ ಬಿದ್ದರೆ ವಿಮೆ ಯಾರದು? ಮುಂಗಡ ಕೊಟ್ಟು ಹೋದವರು ಮತ್ತೆ ಬರಲೇ ಇಲ್ಲದಿದ್ದರೆ ಚಿತ್ರವನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು? ಇಂಥ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಅದರಲ್ಲಿ ಒಮ್ಮೆ ಕೈಸುಟ್ಟುಕೊಂಡವರಿಗೆ.

ಅಮೆರಿಕದಲ್ಲಿ ಅಂಥವರನ್ನು ಒಂದೆಡೆ ಸೇರಿಸಿದ್ದು ಎಐಸಿ ಎಂದೇ ಹೆಸರಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಕನ್ಸರ್ವೇಶನ್. ಅದು ಸ್ವತಂತ್ರ ಸಂಸ್ಥೆಯಾದದ್ದು 1972ರಲ್ಲಿ. ಅದರೊಳಗೆ ತೈಲಚಿತ್ರದವರು, ಕಾಗದದವರು, ಬಟ್ಟೆಯವರು ಎಂದು ಬಗೆಬಗೆಯ ಬಳಗಗಳಿವೆ. ಖಾಸಗಿ ವೃತ್ತಿಯವರದೂ ಒಂದು ಪ್ರತ್ಯೇಕ ಬಳಗ. ಅಲ್ಲಿ ನಡೆಯುವ ಮಾತುಕತೆ ಕರಾರುಪತ್ರ, ವಿಮೆ, ತೆರಿಗೆ, ಹಿಡಿದ ಕೆಲಸವನ್ನು ನಯವಾಗಿ ಬಿಡುವುದು ಹೇಗೆ ಎಂಬಂಥದ್ದು. ಒಂದು ಗೆರೆಯನ್ನು ಮಾತ್ರ ಯಾರೂ ದಾಟುವುದಿಲ್ಲ: ಎಲ್ಲರೂ ಗಂಟೆಗೆ ಇಷ್ಟೇ ತೆಗೆದುಕೊಳ್ಳೋಣ ಎಂದು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಅಲ್ಲಿನ ಏಕಸ್ವಾಮ್ಯ ವಿರೋಧಿ ಕಾನೂನು ಅದನ್ನು ಅಪರಾಧವೆನ್ನುತ್ತದೆ. ದರದ ಪೈಪೋಟಿಯನ್ನು ತಡೆಯುತ್ತಿದ್ದ ಎಂಜಿನಿಯರುಗಳ ಸಂಘದ ನೀತಿಸಂಹಿತೆಯನ್ನು 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಳ್ಳಿಹಾಕಿತ್ತು. ವೃತ್ತಿಸಂಘಗಳಿಗೆಲ್ಲ ಆ ಪಾಠ ನೆನಪಿದೆ. ಲೆಕ್ಕ ಹಾಕುವ ಬಗೆಯನ್ನು ಹೇಳಿಕೊಡಬಹುದು, ಲೆಕ್ಕದ ಉತ್ತರವನ್ನು ಹೇಳಿಕೊಡುವಂತಿಲ್ಲ. ಗಿರಾಕಿಯ ಗುಟ್ಟೂ ಹಾಗೆಯೇ. ಚಿತ್ರದ ಬಿರುಕಿನ ಬಗ್ಗೆ ಗೆಳೆಯರಲ್ಲಿ ಕೇಳಬಹುದು, ಅದು ಯಾರ ಮನೆಯ ಗೋಡೆಯದು ಎಂದು ಬಾಯಿಬಿಡಬಾರದು.

ಲೈಸೆನ್ಸ್ ಇಲ್ಲದ ಕೊರತೆಯನ್ನು ಸಂಘವೇ ತುಂಬಬಾರದೆ ಎಂದು ನೀವು ಕೇಳಬಹುದು. ಪ್ರಯತ್ನವೇನೋ ನಡೆಯಿತು. ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಯೋಜನೆಯೊಂದು ವರ್ಷಗಟ್ಟಲೆ ಚರ್ಚೆಯಾಗಿ, 2009ರಲ್ಲಿ ಮತಕ್ಕೆ ಬಂದಾಗ ಎಐಸಿಯ ಸದಸ್ಯರೇ ಅದನ್ನು ತಿರಸ್ಕರಿಸಿದರು. ಆದರೂ ಸಹೋದ್ಯೋಗಿಗಳ ಶಿಫಾರಸು ಮತ್ತು ಕೆಲಸದ ಪರಿಶೀಲನೆಯ ಮೇಲೆ ಕೊಡುವ ಉನ್ನತ ಸದಸ್ಯತ್ವ ಮುಂದುವರಿದಿದೆ. ಬ್ರಿಟನ್ನಿನ ಐಕಾನ್ ಸಂಸ್ಥೆಯದು (ಅದು 2005ರಲ್ಲಿ ಹಲವು ಸಂಘಗಳು ಕೂಡಿ ಆದದ್ದು) ಇನ್ನೂ ಬಿಗಿ: ಅನುಭವಿ ಸಂರಕ್ಷಕರು ಪರೀಕ್ಷಕರಾಗಿ ಅರ್ಜಿದಾರರ ಕೆಲಸದ ಕೋಣೆಗೇ ಬಂದು, ಮಾಡಿದ ಕೆಲಸ ನೋಡಿ, ಹೀಗೇಕೆ ಮಾಡಿದಿರಿ ಎಂದು ಒಂದೊಂದನ್ನೇ ಕೇಳುತ್ತಾರೆ. ಅಮೆರಿಕದವರು ಇದಕ್ಕೆ ಹಿಂಜರಿದದ್ದೇಕೆ ಎಂಬುದಕ್ಕೆ ಅವರವರ ಕಾರಣಗಳಿದ್ದಾವು. ಮನೆಯ ಚಿತ್ರ ಹಿಡಿದು ಬಾಗಿಲಲ್ಲಿ ನಿಂತ ಗಿರಾಕಿಯ ಕಣ್ಣಿನಲ್ಲಿ ನೋಡಿದರೆ ಬ್ರಿಟಿಷರ ದಾರಿಯೇ ವಾಸಿ.

ಬಳಗದ ಬೆಲೆ ಗೊತ್ತಾಗುವುದು ಕೇಡುಗಾಲದಲ್ಲಿ. 2012ರ ಅಕ್ಟೋಬರ್ ಕೊನೆಗೆ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ನುಗ್ಗಿದಾಗ ನೆಲಮಾಳಿಗೆಗಳಲ್ಲಿದ್ದ ಗ್ಯಾಲರಿ ದಾಸ್ತಾನು, ಕಲಾವಿದರ ಸ್ಟುಡಿಯೊಗಳು ಉಪ್ಪುನೀರಿನಲ್ಲಿ ಮುಳುಗಿದವು. ಒದ್ದೆ ಕ್ಯಾನ್ವಾಸಿಗೆ ಬೂಷ್ಟು ಹಿಡಿಯಲು ಎರಡು ಮೂರು ದಿನ ಸಾಕು. 2005ರ ಕತ್ರಿನಾ ಚಂಡಮಾರುತದ ನಂತರ ಎಐಸಿ ತರಬೇತಿ ಕೊಟ್ಟಿದ್ದ ತುರ್ತು ತಂಡ ಆಗ ಸಜ್ಜಾಗಿತ್ತು. ಬ್ರೂಕ್ಲಿನ್‌ನಲ್ಲಿ ಕೆಲವು ತಿಂಗಳು ನಡೆದ ಒಂದು ಚೇತರಿಕೆ ಕೇಂದ್ರದಲ್ಲಿ ಸ್ವಯಂಸೇವಕ ಸಂರಕ್ಷಕರು ಕಲಾವಿದರ ಜತೆ ನಿಂತು ಕೃತಿಗಳನ್ನು ತೊಳೆದರು, ಒಣಗಿಸಿದರು. ಬೇರೆ ದಿನಗಳಲ್ಲಿ ಒಂದೇ ಟೆಂಡರಿಗೆ ಒಬ್ಬರ ಮೇಲೊಬ್ಬರು ದರ ಬರೆಯುವ ಕಸುಬಿನವರು ಇವರು.

ನಮ್ಮ ಕಡೆಗೆ ಬಂದರೆ, ಈ ವಿದ್ಯೆಯನ್ನು ದೇಶದಲ್ಲಿ ಕಟ್ಟಿದವರಲ್ಲಿ ಒ.ಪಿ. ಅಗ್ರವಾಲ್ ಮುಖ್ಯರು. 1976ರಲ್ಲಿ ಅವರ ಮುಂದಾಳ್ತನದಲ್ಲಿ ಲಖನೌದಲ್ಲಿ ಶುರುವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲೂ ಒಂದು ಪ್ರಾದೇಶಿಕ ಘಟಕವಿದೆ. ಬೆಂಗಳೂರಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಚಿತ್ರಕಲಾ ಪರಿಷತ್ತಿನ ಜತೆಗೂಡಿ ಸಂರಕ್ಷಣಾ ಕೇಂದ್ರ ಕಟ್ಟಿತು. ಹೀಗೆ ಸಂಸ್ಥೆಗಳಿವೆ; ಸ್ವಂತ ಕೋಣೆ ಮಾಡಿಕೊಂಡವರ ಬಳಗ ಮಾತ್ರ ಇಲ್ಲಿ ಬಹುಮಟ್ಟಿಗೆ ಫೋನಿನ ಪರಿಚಯದಲ್ಲೇ ನಡೆಯುತ್ತದೆ. ಇದು ತೈಲಚಿತ್ರವಲ್ಲ ತಾಳೆಗರಿ, ಅವರ ಹತ್ತಿರ ಹೋಗಿ ಎಂದು ಕಳಿಸುವುದು ಆ ಪರಿಚಯದಿಂದಲೇ.

ಕೆಲಸಕ್ಕೇನೂ ಬರವಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಚಿತ್ರವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ರವಿವರ್ಮ, ಅಮೃತಾ ಶೇರ್‌ಗಿಲ್, ನಿಕೊಲಸ್ ರೋರಿಕ್ ಸೇರಿ ಒಂಬತ್ತು ಕಲಾವಿದರ ಕೃತಿಗಳು ಕಲಾನಿಧಿಗಳಾಗಿ ಇದೇ ಕಾಯ್ದೆಯ ಕೆಳಗೆ ಬರುತ್ತವೆ. ರಿಪೇರಿ ಏನಿದ್ದರೂ ಇಲ್ಲೇ ಆಗಬೇಕು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ದೇವರ ಕೋಣೆಯ ಗೋಡೆಗಿರುವ ಪಟ್ಟಾಭಿಷೇಕದ ಚಿತ್ರಗಳದ್ದಂತೂ ಬೇರೆಯೇ ಕತೆ. ಹಲಗೆಗೆ ಅಂಟಿಸಿದ ಕಾಗದ ಅಥವಾ ಬಟ್ಟೆ, ಅದರ ಮೇಲೆ ಮಕ್ಕಿ ಸಫೇದವೆಂಬ ಲೇಪದ ತೆಳುವಾದ ಉಬ್ಬು, ಅದರ ಮೇಲೆ ಚಿನ್ನದ ರೇಕು. ಆ ಉಬ್ಬಿನಲ್ಲಿರುವ ಗೋಂದು ನೀರು ಕಂಡರೆ ಕರಗುತ್ತದೆ. ಹಬ್ಬದ ಹಿಂದಿನ ದಿನ ಗಾಜು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಭಕ್ತಿಯಿಂದ ಒರೆಸಿದರೆ ರಾಮನ ಕಿರೀಟ ಬಟ್ಟೆಗೆ ಬರುತ್ತದೆ. ಗೆದ್ದಲಿಗಿಂತ ಈ ಭಕ್ತಿಯೇ ಹೆಚ್ಚು ಚಿತ್ರಗಳನ್ನು ತಿಂದಿರಬೇಕು ಎಂಬುದು ನನ್ನ ಗುಮಾನಿ.

ಅಂಥ ಚಿತ್ರವನ್ನು ಯಾರಿಗಾದರೂ ತೋರಿಸುವುದಾದರೆ ಸ್ಥಿತಿಯ ವರದಿ, ಮಾಡಲಿರುವ ಚಿಕಿತ್ಸೆ, ಬಳಸುವ ಸಾಮಗ್ರಿ, ದರ ಇಷ್ಟನ್ನೂ ಬರಹದಲ್ಲಿ ಕೇಳಿ. ನೋಡಿದ ಕೂಡಲೇ ಹೊಸದರಂತೆ ಮಾಡಿಕೊಡುತ್ತೇನೆ ಎನ್ನುವವರಿಂದ ಚಿತ್ರ ವಾಪಸು ತನ್ನಿ. ಇನ್ನೊಬ್ಬರ ಅಭಿಪ್ರಾಯ ಕೇಳಬಹುದೇ ಎಂದು ಅವರನ್ನೇ ಕೇಳಿ. ಕಸುಬು ಬಲ್ಲವರು ಫೋನ್ ನಂಬರನ್ನೂ ಕೊಡುತ್ತಾರೆ. ಒಯ್ಯುವಾಗ ಚಿತ್ರವನ್ನು ಮುಖ ಮೇಲೆ ಮಾಡಿ ಮಟ್ಟಸವಾಗಿ ಹಿಡಿದುಕೊಳ್ಳಿ. ಚೌಕಟ್ಟಿನ ಮೂಲೆಯಲ್ಲಿ ಉದುರಿಬಿದ್ದ ಚಕ್ಕೆಗಳಿದ್ದರೆ ಗುಡಿಸಿ ಬಿಸಾಡದೆ, ಒಂದು ಕಾಗದದ ಲಕೋಟೆಯಲ್ಲಿ ಹಾಕಿಕೊಂಡು ಹೋಗಿ. ಅವುಗಳಲ್ಲಿ ಹಲವನ್ನು ಮತ್ತೆ ಅವುಗಳ ಜಾಗದಲ್ಲೇ ಕೂರಿಸಲು ಬರುತ್ತದೆ.