ತಂದೆ-ತಾಯಿಗಿಲ್ಲದ ಜುಟ್ಟು ಮರಿಗೆಲ್ಲಿಂದ ಬಂತು?

ಜಾತಿ ಕೋಳಿ ಅಂತ ನಂಬಿ ಒಬ್ಬರು ಅಸೀಲ್ ಜೋಡಿ ಕೊಂಡು ತಂದರೆನ್ನಿ. ಹುಂಜಕ್ಕೂ ಹೇಂಟೆಗೂ ತಲೆಗೆ ಅಂಟಿಕೊಂಡ ಗಿಡ್ಡ ಜುಟ್ಟು. 12 ಮೊಟ್ಟೆ ಕಾವಿಗಿಟ್ಟರು. ಮರಿಗಳು ಬೆಳೆದಾಗ ನೋಡಿದರೆ ಮೂರರ ತಲೆಯ ಮೇಲೆ ಗರಗಸದ ಹಾಗೆ ಎದ್ದು ನಿಂತ ಜುಟ್ಟು!

ಸಂತೆಯಲ್ಲಿ ಜಗಳ ಶುರು. ‘ಏನ್ ಸ್ವಾಮಿ, ಅಪ್ಪಟ ಜಾತಿ ಅಂದಿರಲ್ಲ, ಇದೇನಿದು?’ ಅಂತ ಕೊಂಡವರು. ‘ಪಕ್ಕದ ಮನೆ ಹುಂಜ ಬೇಲಿ ಹಾರಿರಬೇಕು, ನೋಡ್ಕೊಳ್ಳಿ’ ಅಂತ ಮಾರಿದವರು.

ಪಕ್ಕದ ಮನೆ ಹುಂಜ ಪಾಪ, ಏನೂ ಮಾಡಿರದೇ ಇರಬಹುದು. ಮಾರಿದವರಿಗೂ ಒಳಗಿನ ಗುಟ್ಟು ತಿಳಿದಿರಲಿಕ್ಕಿಲ್ಲ.

ಅಡಗಿ ಕೂತ ಪಾಲು

ಪ್ರತಿ ಮರಿಗೂ ಜುಟ್ಟಿನ ವಿಷಯದಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ಪಾಲು ಬರುತ್ತದೆ. ಅಸೀಲಿನದು ಮೂರು ಗಿಡ್ಡ ಸಾಲಿನ ‘ಬಟಾಣಿ ಜುಟ್ಟು’. ಆ ಪಾಲು ಒಂದಿದ್ದರೂ ಸಾಕು, ಗರಗಸದಂಥ ‘ಒಂಟಿ ಜುಟ್ಟಿನ’ ಪಾಲು ಅಡಗಿ ಕೂರುತ್ತದೆ. ಇಂಥ ಅಡಗಿದ ಪಾಲು ಹುಂಜದಲ್ಲೂ ಹೇಂಟೆಯಲ್ಲೂ ಇದ್ದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಒಂಟಿ ಜುಟ್ಟು. 12ಕ್ಕೆ ಮೂರು, ಲೆಕ್ಕ ಸರಿಯಾಯಿತು!

ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಬಗ್ಗೆ ಪ್ರಕಟಿಸಿದ ಈ ಲೆಕ್ಕ ಪ್ರಾಣಿಗಳಿಗೂ ಸಲ್ಲುತ್ತದೆ ಎಂದು 1902ರಲ್ಲಿ ತೋರಿಸಿದವರು ಇಂಗ್ಲೆಂಡಿನ ವಿಲಿಯಂ ಬೇಟ್ಸನ್. ಅದಕ್ಕೆ ಒದಗಿದ್ದು ಇದೇ ಕೋಳಿ ಜುಟ್ಟು. ಮುಂದೆ ಪುನ್ನೆಟ್ ಜತೆ ಸೇರಿ ಅವರು ಇನ್ನೊಂದು ಸೋಜಿಗ ಕಂಡರು. ಅಗಲವಾಗಿ ಗಂಟುಗಂಟಾದ ‘ಗುಲಾಬಿ ಜುಟ್ಟಿನ’ ಕೋಳಿಗೂ ಬಟಾಣಿ ಜುಟ್ಟಿನ ಕೋಳಿಗೂ ಅಪ್ಪಟ ಜೋಡಿ ಕಟ್ಟಿದರೆ, ಮರಿಗಳಿಗೆ ಅದೂ ಇಲ್ಲ, ಇದೂ ಇಲ್ಲ. ಅಕ್ರೋಟಿನಂತೆ ಸುಕ್ಕುಗಟ್ಟಿದ ಮೂರನೇ ಜುಟ್ಟು! ಆ ಮರಿಗಳನ್ನೇ ತಮ್ಮೊಳಗೆ ಕೂಡಿಸಿದರೆ 16ಕ್ಕೆ 9 ಅಕ್ರೋಟ್, 3 ಗುಲಾಬಿ, 3 ಬಟಾಣಿ, ಕೊನೆಗೆ 1 ಒಂಟಿ ಜುಟ್ಟು.

ಪರೀಕ್ಷೆ ಹೇಗೆ?

ದುಡ್ಡು ಕೊಟ್ಟು ಬಟಾಣಿ ಜುಟ್ಟಿನ ಹುಂಜ ತಂದವರು ಅದನ್ನು ಒಂಟಿ ಜುಟ್ಟಿನ ಹೇಂಟೆಗಳ ಜತೆ ಬಿಟ್ಟು ನೋಡಬಹುದು. ಒಂದೇ ಒಂದು ಮರಿಗೆ ಒಂಟಿ ಜುಟ್ಟು ಬಂದರೂ ಹುಂಜದಲ್ಲಿ ಅಡಗಿದ ಪಾಲಿದೆ ಅಂತಲೇ ಅರ್ಥ. ಹತ್ತು ಮರಿಗೂ ಬಾರದಿದ್ದರೆ ಹುಂಜ ಅಪ್ಪಟ ಅಂತ ಹೆಚ್ಚುಕಡಿಮೆ ನಂಬಬಹುದು. ಆದರೆ ಮೊದಲು ಹೇಂಟೆಗಳನ್ನು ಮೂರು ವಾರವಾದರೂ ಬೇರೆ ಹುಂಜದಿಂದ ದೂರ ಇಟ್ಟಿರಬೇಕು. ಹಳೇ ಹುಂಜದ ಬೀಜ ಎರಡು-ಮೂರು ವಾರ ಹೇಂಟೆಯ ಒಡಲಲ್ಲೇ ಉಳಿದಿರುತ್ತದೆ.

ಅಪ್ಪಟವಾದರೆ ಎಲ್ಲಾ ಒಳ್ಳೇದೇ ಅನ್ನುವಂತೆಯೂ ಇಲ್ಲ. ಗುಲಾಬಿ ಜುಟ್ಟಿನ ಪಾಲು ಎರಡೂ ಕಡೆಯಿಂದ ಪಡೆದ ಹುಂಜದ ಬೀಜ ಚುರುಕಾಗಿ ಈಜುವುದಿಲ್ಲ. ಮೊಟ್ಟೆ ಬೀಜ ಕಟ್ಟುವುದು ಕಡಿಮೆ. ಇದಕ್ಕೆ ಕಾರಣವಾದ ಜೀನ್ ದೋಷ 2012ರಲ್ಲಿ ಬಯಲಾಯಿತು. ಹಾಗಾಗಿ ಆ ಜಾತಿ ಸಾಕುವವರಿಗೆ ಅಡಗಿದ ಒಂಟಿ ಪಾಲಿರುವ ಹುಂಜವೇ ಲಾಭ.

ಹಾಗಾದರೆ ಪಕ್ಕದ ಮನೆ ಹುಂಜದ ಮೇಲೆ ಅನುಮಾನ ಪಡುವುದು ಯಾವಾಗ? ತಂದೆ-ತಾಯಿ ಎರಡಕ್ಕೂ ಒಂಟಿ ಜುಟ್ಟಿದ್ದು, ಮರಿಗೆ ಮಾತ್ರ ಬಟಾಣಿಯೋ ಗುಲಾಬಿಯೋ ಬಂದಾಗ. ಒಂಟಿ ಜುಟ್ಟಿನೊಳಗೆ ಅವು ಅಡಗಿ ಕೂರುವುದಿಲ್ಲ. ಆಗ ಬೇಲಿ ನೋಡಿಕೊಳ್ಳಿ! ಉಳಿದಂತೆ, ಕೋಳಿ ಜುಟ್ಟಿಗಾಗಿ ಮನುಷ್ಯರು ಜುಟ್ಟು ಹಿಡಿದಾಡುವುದು ಬೇಡ.