ಬೆಂಗಳೂರು ಮುಸ್ಲಿಮ್ಸ್: ದಂಡಿನ ನೆಲದಿಂದ ರೋವರ್ಸ್ ಕಪ್ಪಿಗೆ

ಮುಂಬಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ಫುಟ್‌ಬಾಲ್ ತಂಡ ಬೆಂಗಳೂರು ಮುಸ್ಲಿಮ್ಸ್. 1891ರಲ್ಲಿ ಶುರುವಾದ ಆ ಪಂದ್ಯಾವಳಿ ಬಹುಕಾಲ ಬ್ರಿಟಿಷ್ ಪಟಾಲಂಗಳ ಸೊತ್ತಾಗಿತ್ತು. ಕೋಲ್ಕತ್ತದ ಮೋಹನ್ ಬಾಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಮಣಿಸಿ ಐಎಫ್‌ಎ ಶೀಲ್ಡ್ ಎತ್ತಿದ ಕಥೆ ದೇಶಕ್ಕೆಲ್ಲ ಗೊತ್ತು. ರೋವರ್ಸ್ ಕಪ್ ಭಾರತೀಯರ ಕೈಗೆ ಬರಲು ಮತ್ತೆ 26 ವರ್ಷ ಬೇಕಾಯಿತು. ಅದನ್ನು ತಂದವರು ಬೆಂಗಳೂರಿನವರು ಎಂಬುದು ಈ ಊರಿನಲ್ಲೇ ಮರೆತುಹೋದಂತಿದೆ.

ಈ ಆಟ ಬೆಂಗಳೂರಿಗೆ ಬಂದದ್ದು ದಂಡಿನ ಮೂಲಕ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡುಪ್ರದೇಶ ಕಟ್ಟಿದ ಮೇಲೆ ಪೇಟೆ ಒಂದು ಊರು, ದಂಡು ಇನ್ನೊಂದು ಊರು ಎಂಬಂತೆ ಬೆಳೆದವು. ಸೈನಿಕರು ತಂದ ಚೆಂಡಾಟವನ್ನು ದಂಡಿನ ಬೀದಿಗಳ ಹುಡುಗರು ನೋಡಿ ಕಲಿತರು, ಬರಿಗಾಲಲ್ಲಿ ಆಡಿದರು.

1937ರ ಫೈನಲ್‌ನಲ್ಲಿ ಎದುರಾಳಿ ಸಾಮಾನ್ಯ ತಂಡವಾಗಿರಲಿಲ್ಲ. ಕೋಲ್ಕತ್ತದ ಮೊಹಮ್ಮದನ್ ಸ್ಪೋರ್ಟಿಂಗ್ ಆಗ ಅಲ್ಲಿನ ಲೀಗ್ ಅನ್ನು 1934ರಿಂದ ಸತತವಾಗಿ ಗೆಲ್ಲುತ್ತಿತ್ತು. ಅದನ್ನು ಬೆಂಗಳೂರು 1–0ರಿಂದ ಸೋಲಿಸಿತು. ಮರುವರ್ಷ ಫೈನಲ್‌ನಲ್ಲಿ ಎದುರಾದದ್ದು ಬ್ರಿಟಿಷ್ ಪಟಾಲಂ, ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್. ಅಲ್ಲೂ 3–2ರ ಗೆಲುವು. ಮೊದಲ ಕಪ್ಪಿಗಿಂತ ಇದರ ತೂಕ ಹೆಚ್ಚು. ಆಟ ಕಲಿಸಿದ ಸೈನ್ಯವನ್ನೇ ಇಲ್ಲಿ ಸೋಲಿಸಲಾಗಿತ್ತು. 1948ರಲ್ಲಿ ಮೂರನೆಯ ಸಲ ಕಪ್ ಬಂತು.

ತಂಡದ ಹೆಸರು ಇಂದಿನ ಓದುಗರಿಗೆ ಅಚ್ಚರಿ ತರಬಹುದು. ಸಮುದಾಯದ ಹೆಸರಿನಲ್ಲಿ ತಂಡ ಕಟ್ಟುವುದು ಆ ಕಾಲದ ವಾಡಿಕೆ. ಮುಂಬಯಿಯ ಕ್ರಿಕೆಟ್‌ನಲ್ಲೂ ಹಿಂದೂ, ಪಾರ್ಸಿ, ಮುಸ್ಲಿಂ ತಂಡಗಳಿದ್ದವು. ದೂರದ ಜರ್ಮನಿಯ ಹಳೆಯ ಫುಟ್‌ಬಾಲ್ ಕ್ಲಬ್‌ಗಳ ಬೇರೂ ಹೀಗೆಯೇ ಒಂದು ಸಮುದಾಯದಲ್ಲಿ, ನೆರೆಹೊರೆಯಲ್ಲಿ ಇದೆ. 1904ರಲ್ಲಿ ಹುಟ್ಟಿದ ಶಾಲ್ಕೆ ತಂಡವನ್ನು ಅಲ್ಲಿನ ಜನ ಇಂದಿಗೂ ಕಲ್ಲಿದ್ದಲ ಗಣಿಯವರ ತಂಡ ಎಂದೇ ಗುರುತಿಸುತ್ತಾರೆ. ಅಲ್ಲಿ ಕ್ಲಬ್ಬಿನ ಮತಾಧಿಕಾರದ ಬಹುಪಾಲು ಸದಸ್ಯರಲ್ಲೇ ಉಳಿಯಬೇಕೆಂಬ ನಿಯಮ ಆ ನಂಟನ್ನು ಕಾಪಾಡಿದೆ. ಬೆಂಗಳೂರಿನ ಮೊಹಲ್ಲಾ ತಂಡಗಳಿಗೆ ಅಂಥ ಆಸರೆ ಇರಲಿಲ್ಲ. ಬದಲಿಗೆ ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳ ತಂಡಗಳು ಆಟಗಾರರಿಗೆ ಆಟದೊಂದಿಗೆ ನೌಕರಿಯನ್ನೂ ಕೊಟ್ಟವು.

ಬೆಂಗಳೂರು ಮುಸ್ಲಿಮ್ಸ್ ಪರ ಆಡಿ ಬೆಳೆದವರಲ್ಲಿ ಅಹ್ಮದ್ ಖಾನ್ ಹೆಸರು ದೊಡ್ಡದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 1–2ರಿಂದ ಸೋತಾಗ ಅವರು ತಂಡದಲ್ಲಿದ್ದರು. ನಮ್ಮ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಮುಂದೆ ಖಾನ್ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಜನ ‘ಪಂಚಪಾಂಡವರು’ ಎಂದು ಕರೆದ ಐವರು ಮುಂಚೂಣಿ ಆಟಗಾರರಲ್ಲಿ ಅವರೂ ಒಬ್ಬರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನದಲ್ಲೂ ಅವರ ಪಾಲಿದೆ. 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಇಂದು ನಗರದ ಹೆಸರು ಹೊತ್ತು ಆಡುವ ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ್ದು. ಮೊದಲ ವರ್ಷವೇ ಐ-ಲೀಗ್ ಗೆದ್ದ ಅದು 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಅದರ ಒಡೆತನ ಕಂಪನಿಯದು. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳು ಮಾತ್ರ ಯಲಹಂಕ, ಹೆಬ್ಬಾಳ, ಆಸ್ಟಿನ್ ಟೌನ್ ಎನ್ನದೆ ಎಲ್ಲ ಕಡೆಯಿಂದ ಬರುತ್ತಾರೆ.